ಏರಿಯ ಬುಡದಲ್ಲಿ ಕೆಂಪು ನೀರು

ಚೆಲುವಾದದ್ದನ್ನು ಮೈಮರೆತು ನೋಡುವುದೂ ಒಂದು ಧ್ಯಾನವೇ ಅಲ್ಲವೇ ಎಂದು ಶಿಷ್ಯ ಮರುಳಪ್ಪ ಕೇಳಿದ. ಗುರುಗಳಿಗೆ ಎಲ್ಲಿತ್ತೋ ಸಿಟ್ಟು, "ಧ್ಯಾನವಂತೆ ಧ್ಯಾನ! ಕೂತುಕೋ, ಹೇಳುತ್ತೇನೆ" ಎಂದರು.

ಒಂದು ದೊಡ್ಡ ಕೆರೆ. ಅದರ ಏರಿಯನ್ನು ನೋಡಿಕೊಳ್ಳಲು ಒಬ್ಬ ಇಂಜಿನಿಯರ್. ಏರಿ ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಒಸರುತ್ತಿದೆ ಎಂದು ಫೋಟೋ ತೆಗೆದು ಮೇಲಿನವರಿಗೆ ಕಳಿಸುವುದು ಅವನ ಕೆಲಸ. ಅದಕ್ಕೆಂದೇ ಸಣ್ಣದೊಂದು ಕ್ಯಾಮೆರಾ ಕೊಂಡ. ಕೊಂಡದ್ದೇ ತಡ, ಹುಚ್ಚು ಹಿಡಿಯಿತು. ಸಣ್ಣದು ಸಾಲದಾಯಿತು, ದೊಡ್ಡದು ಬಂತು. ದೂರದ್ದಕ್ಕೊಂದು ಲೆನ್ಸು, ಹತ್ತಿರದ್ದಕ್ಕೊಂದು ಲೆನ್ಸು, ಮೂರು ಕಾಲಿನ ಸ್ಟ್ಯಾಂಡು, ಇವನ್ನೆಲ್ಲ ಹೊರಲು ಬೆನ್ನಿಗೊಂದು ಚೀಲ. ಮೊದಲೆಲ್ಲ ಬಿರುಕು ಕಂಡರೆ ಅವನ ಎದೆ ಧಸಕ್ಕೆನ್ನುತ್ತಿತ್ತು. ಈಗ ಬಿರುಕು ಕಂಡರೆ, ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡುತ್ತಿದ್ದ.

ಆ ವರ್ಷ ಕೆರೆ ತುಂಬಿತು. ಏರಿಯ ಬುಡದಲ್ಲಿ ಒಂದು ಕಡೆ ನೀರು ಒಸರತೊಡಗಿತು. ತಿಳಿನೀರು ಒಸರಿದರೆ ಅಷ್ಟು ಭಯವಿಲ್ಲ. ಕೆಂಪು ನೀರು ಬಂದರೆ ಒಳಗಿನ ಮಣ್ಣು ಕರಗಿ ಬರುತ್ತಿದೆ ಎಂದು ಅರ್ಥ. ಇದನ್ನು ಅವನು ಓದಿದ್ದ, ಬೇರೆಯವರಿಗೆ ಹೇಳಿಯೂ ಕೊಟ್ಟಿದ್ದ. ಒಂದು ಬೆಳಿಗ್ಗೆ ನೀರು ಕೆಂಪಾಯಿತು. ಆಹಾ, ಎಂಥ ಬಣ್ಣ ಎಂದುಕೊಂಡ! ಹನಿಹನಿಯನ್ನೂ ಬಿಡಿಸಿ ತೋರಿಸುವ ಹೊಸ ಲೆನ್ಸು ನಾಳೆ ಬರುವುದಿತ್ತು. ಇವತ್ತೇ ಮೇಲೆ ತಿಳಿಸಿದರೆ ಆಳುಗಳು ಬಂದು ಮರಳು, ಜಲ್ಲಿ ಸುರಿದು ಮುಚ್ಚಿಬಿಡುತ್ತಾರೆ. ಒಂದು ದಿನ ತಾನೇ, ಆಮೇಲೆ ತಿಳಿಸಿದರಾಯಿತು ಎಂದು ಸುಮ್ಮನಾದ, ಪಾಪಿ.

ಮರುದಿನ ಬೆಳಿಗ್ಗೆ ಅವನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಹೊಸ ಲೆನ್ಸಿನಲ್ಲಿ ನೋಡುತ್ತಿದ್ದಾಗ, ಏರಿಯ ಕೆಳಗಿನ ಮನೆಯ ಹೆಂಗಸು ಬಂದು ನಿಂತಳು.

"ಸ್ವಾಮಿ, ನಮ್ಮತ್ತೆಗೆ ಎದ್ದು ಓಡಾಡೋಕೆ ಆಗಲ್ಲ. ಹೆದರಿಕೆ ಏನಾದ್ರೂ ಇದ್ರೆ ಹೇಳಿಬಿಡಿ, ಈಗಲೇ ಹೊತ್ಕೊಂಡು ದಿಬ್ಬದ ಮೇಲಿನ ತಂಗಿ ಮನೆಗೆ ಹೋಗ್ತೀನಿ."

"ಏನೂ ಆಗಲ್ಲ ಹೋಗಮ್ಮ. ಸ್ವಲ್ಪ ಆಚೆ ನಿಂತ್ಕೋ, ನಿನ್ನ ನೆರಳು ಬೀಳ್ತಾ ಇದೆ."

ಓದಿದವನ ಮಾತು ನಂಬಿ ಅವಳು ಆಚೆ ಸರಿದಳು. ಅತ್ತೆಗೆ ಗಂಜಿ ಕುಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಕೂಲಿಗೆ ಹೋದಳು. ಮಧ್ಯಾಹ್ನ ಏರಿ ಒಡೆಯಿತು. ಇಂಜಿನಿಯರ್ ಲೆನ್ಸುಗಳ ಚೀಲವನ್ನು ಅಪ್ಪಿಕೊಂಡು ದಿಬ್ಬ ಹತ್ತಿ ಉಳಿದುಕೊಂಡ. ಹೆಂಗಸು ಓಡಿ ಬಂದು ನೋಡಿದರೆ ಮನೆಯೂ ಇಲ್ಲ, ಅತ್ತೆಯೂ ಇಲ್ಲ. ಅವನ ಕೊರಳಪಟ್ಟಿ ಹಿಡಿದು, "ಕೇಳಿದ್ನಲ್ಲೋ ನಿನ್ನ! ಹೊತ್ಕೊಂಡು ಹೋಗ್ತಿದ್ನಲ್ಲೋ!" ಎಂದು ಕೂಗಿದಳು. 

ಮರುಳಪ್ಪನ ಕಣ್ಣು ತುಂಬಿತ್ತು. "ಪಾಪ, ನೋಟದಲ್ಲಿ ಮುಳುಗಿದ್ದವನಿಗೆ ಅಪಾಯ ಕಾಣಲಿಲ್ಲ, ಗುರುಗಳೇ" ಎಂದ.

ಗುರುಗಳು ಅವನನ್ನು ದುರುಗುಟ್ಟಿಕೊಂಡು ನೋಡಿದರು.

"ಕಾಣಲಿಲ್ಲ ಅನ್ನಬೇಡವೋ, ಅದನ್ನು ಅವನಷ್ಟು ಚೆನ್ನಾಗಿ ಕಂಡವರು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ!"