ಹನ್ನೆರಡು ಸೇರು ತಂಪು, ಮೇಲೊಂದು ಹಿಡಿ

ಒಂದಾನೊಂದು ಊರಿನಲ್ಲಿ, ಆ ಊರು ಎಲ್ಲಿರಬೇಕೆಂದು ಇನ್ನೂ ತೀರ್ಮಾನವಾಗಿರದ ಕಾಲದಲ್ಲಿ, ಐವತ್ತೆರಡು ಕೋಣೆಗಳ ಒಂದು ಮನೆಯಿತ್ತು. ಹೂಂ ಅನ್ನಿ. ನೀವು ಹೂಂ ಅನ್ನದಿದ್ದರೆ ಕೋಣೆಗಳು ಐವತ್ತಕ್ಕೆ ಇಳಿಯುತ್ತವೆ, ಆಮೇಲೆ ಕತೆಗೆ ಜಾಗ ಸಾಲುವುದಿಲ್ಲ.

ಆ ಮನೆಯ ಯಜಮಾನಿ ವನಜಾಕ್ಷಮ್ಮ. ಕಾಲೇಜಿನ ಮೆಟ್ಟಿಲು ಹತ್ತಿ ಪದವಿ ಹಿಡಿದುಕೊಂಡು ಇಳಿದವಳು. ಆ ಊರಿನಲ್ಲಿ ಕಾಲೇಜು ಇರಲಿಲ್ಲ, ಮೆಟ್ಟಿಲು ಮಾತ್ರ ಇತ್ತು. ಆದರೂ ಪದವಿ ಪದವಿಯೇ.

ಅವಳ ಬಳಿ ಕೆಂಪು ರಟ್ಟಿನ ಒಂದು ದಫ್ತರವಿತ್ತು. ಮೂವತ್ತೊಂದು ವರ್ಷದಿಂದ ದಿನವೂ ಐವತ್ತೆರಡು ಕೋಣೆಗಳಿಗೂ ಹೋಗಿ, ಗೋಡೆಗೆ ಕೆನ್ನೆಯಿಟ್ಟು, ಎಷ್ಟು ಬಿಸಿ, ಎಷ್ಟು ತಂಪು ಎಂದು ಅದರಲ್ಲಿ ಬರೆಯುತ್ತಿದ್ದಳು. ‘ಪಡುವಣ ಕೋಣೆ: ಬೆಣ್ಣೆ ತಾನಾಗಿ ತುಪ್ಪವಾಯಿತು. ಬಡಗಣ ಕೋಣೆ: ಕೊಬ್ಬರಿ ಎಣ್ಣೆ ಕಲ್ಲಾಯಿತು, ಬಾಟಲಿ ಒಡೆದು ತಲೆಗೆ ಹಚ್ಚಿಕೊಂಡೆವು.’ ಪುಟದ ಕೊನೆಯ ಸಾಲಿಗೆ ‘ಹೇಳದೆ ಬಂದ ನೆಂಟರು’ ಎಂಬ ತಲೆಬರಹ. ಅದರ ಮುಂದೆ ಮೂವತ್ತೊಂದು ವರ್ಷವೂ ಸೊನ್ನೆ. ಮನೆ ಅಷ್ಟು ದೊಡ್ಡದು. ನೆಂಟರಿಗೆ ಬಾಗಿಲು ಸಿಗುತ್ತಿರಲಿಲ್ಲ.

ನೆಂಟರು ಬರದಿದ್ದರೂ ಅವರ ಪಾಲು ತಪ್ಪುತ್ತಿರಲಿಲ್ಲ. ಅಕ್ಕಿ ಅಳೆಯುವಾಗ ಸೇರು ತುಂಬಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುವುದು ಆ ಮನೆಯ ಪದ್ಧತಿ. ಅದು ಹೇಳದೆ ಬರುವ ನೆಂಟನ ಹಿಡಿ. ಎಲ್ಲವನ್ನೂ ಬರೆಯುವ ವನಜಾಕ್ಷಮ್ಮ ಅದೊಂದನ್ನು ಬರೆಯುತ್ತಿರಲಿಲ್ಲ. ಬರೆದರೆ ನೆಂಟನ ತುತ್ತು ಎಣಿಸಿದ ಹಾಗಾಗುತ್ತದೆ.

ಹೀಗಿರುವಾಗ ಮಗಳು ಮಂದಾಕಿನಿಯ ಅತ್ತೆ ತುಂಗಮ್ಮನಿಂದ ಒಂದು ಕಾಗದ ಬಂತು.

‘ಬೀಗಿತ್ತಿಯವರಿಗೆ ನಮಸ್ಕಾರ. ನಿಮ್ಮ ಮಗಳಿಗೆ ಎಂಟು ತಿಂಗಳು ತುಂಬುತ್ತಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಸರಿ. ಆದರೆ ನಿಮ್ಮಲ್ಲಿ ಒಂದು ಕೋಣೆ ಒಲೆ, ಇನ್ನೊಂದು ಕೋಣೆ ಬಾವಿ ಎಂದು ಕೇಳಿದ್ದೇವೆ. ಮಗಳನ್ನು ಈಗಲೇ ಕಳಿಸಿರುತ್ತೇನೆ. ಹುಣ್ಣಿಮೆಯ ಮಧ್ಯಾಹ್ನ ಬಂದು ನೋಡುತ್ತೇನೆ. ಮನೆ ಹದವಾಗಿರದಿದ್ದರೆ ಅವಳನ್ನು ವಾಪಸ್ಸು ಕರೆದುಕೊಂಡು ಹೋಗುತ್ತೇನೆ. ನಮ್ಮದು ಎರಡೇ ಕೋಣೆ, ಆದರೆ ಎರಡೂ ಹದವಾಗಿವೆ.’

ವನಜಾಕ್ಷಮ್ಮ ಕಾಗದವನ್ನು ಮೂರು ಸಲ ಓದಿದಳು. ಐವತ್ತೆರಡು ಕೋಣೆಯ ತವರಿದ್ದೂ ಮಗಳು ಎರಡು ಕೋಣೆಯಲ್ಲಿ ಹೆತ್ತಳು ಎಂದರೆ ಪದವಿಯನ್ನು ಎಲ್ಲಿ ಮುಚ್ಚಿಡುವುದು? ಅವಳು ಕಾಗದವನ್ನು ದಫ್ತರದಲ್ಲಿ ಅಂಟಿಸಿ, ಲೆಕ್ಕಕ್ಕೆ ಕೂತಳು.

ಮೂರು ದಿನ ಲೆಕ್ಕ ಮಾಡಿದಳು. ಬಿಸಿಲಿಗೆ ಮುಖ ಮಾಡಿದ ಗೋಡೆ ಎಷ್ಟು, ಕಿಟಕಿ ಎಷ್ಟು, ಮಾಳಿಗೆ ಎಷ್ಟು ದಪ್ಪ, ಒಲೆ ಎಷ್ಟು ಉರಿಯುತ್ತವೆ, ಉಸಿರಾಡುವವರು ಎಷ್ಟು ಮಂದಿ. ಮೈದುನ ಸಿದ್ದಲಿಂಗಪ್ಪನ ಸಿಟ್ಟನ್ನೂ ಸೇರಿಸಿದಳು, ಅದೂ ಬಿಸಿಯೇ ತಾನೇ. ಉತ್ತರ ಬಂತು. ಇಡೀ ಮನೆಗೆ ಹನ್ನೆರಡು ಸೇರು ತಂಪಿನ ಯಂತ್ರ ಒಂದು. ಬಾಣಂತಿ ಕೋಣೆಗೆ ಮೂರು ಸೇರು ಬಿಸಿಯ ಯಂತ್ರ ಒಂದು. ಲೆಕ್ಕದಲ್ಲಿ ಒಂದು ಕಾಳೂ ತಪ್ಪಿರಲಿಲ್ಲ.

ಮೊದಲು ತಂಪಿನ ಚೀಟಿ ಬರೆದಳು. ಅದನ್ನು ಸಿದ್ದಲಿಂಗಪ್ಪನ ಕೈಗೆ ಕೊಡುವಾಗ, ಅವಳ ಬಲಗೈ ತಾನಾಗಿ ಹೋಗಿ ಒಂದು ಹಿಡಿ ತಂಪನ್ನು ಚೀಟಿಯ ಮೇಲೆ ಹಾಕಿತು.

“ಏನು ಹಾಕಿದಿರಿ ಅತ್ತಿಗೆ?”

“ಏನಿಲ್ಲ. ಯಾರಾದರೂ ಬಂದರೆ ಅಂತ.”

ಸಿದ್ದಲಿಂಗಪ್ಪ ಬೀದಿಗೆ ಬಂದು ಯೋಚಿಸಿದ. “ಅತ್ತಿಗೆ ಓದಿದವಳು. ಓದಿದವರ ಕೈ ಬಿಗಿ.” ತಾನು ಎರಡು ಹಿಡಿ ಹಾಕಿ ಚೀಟಿಯನ್ನು ಗಾಡಿಯ ಹುಸೇನಣ್ಣನಿಗೆ ಕೊಟ್ಟ. ಹುಸೇನಣ್ಣ ಅಂದ, “ದೊಡ್ಡ ಮನೆಯ ಚೀಟಿ. ಕಡಿಮೆ ಬಿದ್ದರೆ ನನ್ನ ಮುಖ ಹೋಗುತ್ತದೆ.” ಅವನು ಮೂರು ಹಿಡಿ ಹಾಕಿದ. ಗಾಡಿಯ ಎತ್ತುಗಳೂ ಆ ಮನೆಯ ಹುಲ್ಲು ತಿಂದಂಥವೇ. ಕೈಯಿಲ್ಲದ್ದರಿಂದ ಒಂದೊಂದು ಗೊರಸು ಹಾಕಿದವು.

ಯಂತ್ರ ಮಾಡುವವನು ಮೌನೇಶಾಚಾರಿ. ಅವನು ಚೀಟಿಯನ್ನು ಗಾಡಿಯಿಂದ ಇಳಿಸಲು ನಾಲ್ಕು ಆಳು ಕರೆಸಬೇಕಾಯಿತು.

“ಹನ್ನೆರಡು ಅಂತ ಬರೆದಿದೆಯಲ್ಲೋ. ತೂಕ ಬೇರೇನೋ ಹೇಳುತ್ತಿದೆ.”

“ಬರೆದದ್ದನ್ನು ನಾನು ಓದಲಾರೆ ಆಚಾರ್ರೇ. ಹೊತ್ತದ್ದು ಗೊತ್ತು. ತೂಕದ ಪ್ರಕಾರ ಮಾಡಿ,” ಅಂದ ಹುಸೇನಣ್ಣ.

ಆಚಾರಿ ತೂಕದ ಪ್ರಕಾರ ಮಾಡಿದ. ಕೊನೆಗೆ ತನ್ನದೂ ಒಂದು ಹಿಡಿ ಹಾಕಿದ. ಅವನ ಅಂಗೈ ಮೊರದಷ್ಟಿತ್ತು.

ಯಂತ್ರ ಬಂತು. ಮನೆಗಿಂತ ದೊಡ್ಡದಿತ್ತು. ಬಾಗಿಲಲ್ಲಿ ಹಿಡಿಸಲಿಲ್ಲ. ಸಿದ್ದಲಿಂಗಪ್ಪ ಮೀಸೆ ತಿರುವಿ ಅಂದ, “ಯಂತ್ರ ಮನೆಯೊಳಗೆ ಹೋಗದಿದ್ದರೆ ಮನೆಯೇ ಯಂತ್ರದೊಳಗೆ ಹೋಗಲಿ.” ಮನೆಯನ್ನು ತಳ್ಳಿ ಯಂತ್ರದೊಳಗೆ ಇಟ್ಟರು.

ಯಂತ್ರ “ಫೂ” ಅಂದಿತು. ಒಂದೇ ಫೂ. ಐವತ್ತೆರಡು ಕೋಣೆಗಳೂ ತಣ್ಣಗಾದವು.

“ಮುಗಿಯಿತು ಅಮ್ಮಾವ್ರೇ. ಇನ್ನೇನು ಮಾಡಲಿ?” ಅಂತ ಯಂತ್ರ ಕೇಳಿತು.

“ಸುಮ್ಮನಿರು.”

“ಈಗಷ್ಟೇ ತೋಳು ಚಾಚಿದ್ದೆ. ಇಷ್ಟು ದೊಡ್ಡ ಮೈ ಇಟ್ಟುಕೊಂಡು ಸುಮ್ಮನಿರುವುದು ಹೇಗೆ?”

ಸ್ವಲ್ಪ ಹೊತ್ತಿಗೆ ಮನೆ ಮತ್ತೆ ಕಾಯಿತು. ಯಂತ್ರ ಮತ್ತೆ “ಫೂ” ಅಂದಿತು. ಮತ್ತೆ ಸುಮ್ಮನಾಯಿತು. ತಂಪೇನೋ ಆಯಿತು, ಆದರೆ ಹಸಿ ತಂಪು. ವನಜಾಕ್ಷಮ್ಮ ದಫ್ತರದಲ್ಲಿ ಬರೆದಳು: ‘ಹಪ್ಪಳ ಮೆತ್ತಗಾಗಿ ಮಡಿಕೆ ಬಿತ್ತು. ಉಪ್ಪು ನೀರಾಯಿತು. ಬೆಂಕಿಕಡ್ಡಿ ಹತ್ತಲಿಲ್ಲ.’

“ಇದೇನು ನಿನ್ನ ಕೆಲಸ?” ಅಂತ ಯಂತ್ರವನ್ನು ಗದರಿದಳು.

“ಗಾಳಿಯಲ್ಲಿರುವ ನೀರು ಹಿಂಡಬೇಕಾದರೆ ಅರ್ಧ ತಾಸಾದರೂ ಬಿಡದೆ ಓಡಬೇಕು ಅಮ್ಮಾವ್ರೇ. ನೀವು ನನಗೆ ಒಂದು ಫೂನಷ್ಟು ಕೆಲಸ ಕೊಟ್ಟಿದ್ದೀರಿ. ಒಂದು ಫೂನಲ್ಲಿ ಏನು ಹಿಂಡಲಿ?”

ಮಂದಾಕಿನಿ ಬಂದು ಎರಡು ದಿನವಾಗಿತ್ತು. ಹೊಟ್ಟೆಯ ಮೇಲೆ ಏಳು ಕಂಬಳಿ ಹೊದ್ದು ಕೂತಿದ್ದಳು. “ಅವ್ವಾ, ಅತ್ತೆಮನೆಯಲ್ಲಿ ಒಂದು ಕಂಬಳಿ ಸಾಕಾಗುತ್ತಿತ್ತು,” ಅಂದಳು. ಹಾಗಂದದ್ದು ತಾಯಿಗೆ ಚಳಿಗಿಂತ ಹೆಚ್ಚು ಕೊರೆಯಿತು.

ಕೂಡಲೇ ಬಿಸಿಯ ಚೀಟಿ ಹೋಯಿತು. ಬರೆದದ್ದು ಮೂರೇ ಸೇರು. ಆದರೆ ಎಲ್ಲರೂ ನಡುಗುತ್ತಿದ್ದರು. ನಡುಗುವವರು ಹಿಡಿ ಹಾಕುವುದಿಲ್ಲ, ಬೊಗಸೆ ಹಾಕುತ್ತಾರೆ. ಬಿಸಿಯ ಯಂತ್ರ ತಂಪಿನ ಯಂತ್ರಕ್ಕಿಂತಲೂ ದೊಡ್ಡದಾಗಿ ಬಂತು. ಅಷ್ಟು ಹೊತ್ತಿಗೆ ಎಲ್ಲರಿಗೂ ಅಭ್ಯಾಸವಾಗಿತ್ತು. ಮನೆಯಿದ್ದ ಯಂತ್ರವನ್ನು ತಳ್ಳಿ ಈ ಯಂತ್ರದೊಳಗೆ ಇಟ್ಟರು.

ಹೊರಗಿನದು “ಹಾ” ಅಂದಿತು. ಮನೆ ಕಾದ ಕಾವಲಿಯಾಯಿತು. ಒಳಗಿನದು “ಫೂ” ಅಂದಿತು. ಮನೆ ಬಾವಿಯಾಯಿತು.

“ಹಾ!”

“ಫೂ!”

“ಮೈಯಲ್ಲಿ ನಾನು ದೊಡ್ಡವನು,” ಅಂದಿತು ಹೊರಗಿನದು.

“ನಾನು ಮೊದಲು ಬಂದವನು.”

ಮನೆಮಂದಿಯೆಲ್ಲ ಮೈಮೇಲೆ ಕಂಬಳಿ, ಕೈಯಲ್ಲಿ ಬೀಸಣಿಗೆ ಹಿಡಿದು, ಒಂದು ಸಲ ಹೊದೆಯುತ್ತ ಒಂದು ಸಲ ಬೀಸಿಕೊಳ್ಳುತ್ತ ಕೂತರು. ಸಿದ್ದಲಿಂಗಪ್ಪ ಮಾತ್ರ ಎದೆಗುಂದಲಿಲ್ಲ. “ಹೊರಗಿನದನ್ನು ತಂಪು ಮಾಡಲು ಇನ್ನೊಂದು ತರಿಸೋಣ ಅತ್ತಿಗೆ. ಚೀಟಿ ಕೊಡಿ.”

ವನಜಾಕ್ಷಮ್ಮ ಚೀಟಿ ಬರೆಯಲು ಕೂತಳು. ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು. ಹುಣ್ಣಿಮೆಯ ಮಧ್ಯಾಹ್ನವಾಗಿತ್ತು.

ತುಂಗಮ್ಮ ಮೊದಲು ಬಿಸಿಯ ಬಾಗಿಲು ದಾಟಿದಳು, ಆಮೇಲೆ ತಂಪಿನ ಬಾಗಿಲು ದಾಟಿದಳು, ಆಮೇಲೆ ಮನೆಯ ಬಾಗಿಲು ದಾಟಿದಳು. ಅರ್ಧ ಮುಖ ಬೆವೆತಿತ್ತು, ಅರ್ಧ ಮುಖ ಸೆಟೆದಿತ್ತು. ಎರಡು ಅರ್ಧದಲ್ಲೂ ಒಂದೇ ನಗು.

“ಬೀಗಿತ್ತಿಯವರೇ, ಮನೆ ಬಹಳ ದೊಡ್ಡದು ಮಾಡಿಸಿದ್ದೀರಿ,” ಅಂದಳು. ತಟ್ಟೆಯಲ್ಲಿದ್ದ ಹಪ್ಪಳವನ್ನು ಮುರಿಯಲು ನೋಡಿದಳು. ಅದು ಮುರಿಯಲಿಲ್ಲ, ಬಾಗಿತು. “ಮಂದಾಕಿನಿ, ಎದ್ದೇಳು ತಾಯಿ. ಗಾಡಿ ಹತ್ತು.”

ಮಂದಾಕಿನಿ ಎದ್ದಳು. ಅತ್ತೆಯ ಮುಖ ನೋಡಿದಳು, ತಾಯಿಯ ಮುಖ ನೋಡಿದಳು, ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತಳು.

“ಅವ್ವಾ, ಇನ್ನೂ ತಿಂಗಳಿದೆಯಲ್ಲ…”

ತಿಂಗಳನ್ನು ಯಾರೂ ಕೇಳಲಿಲ್ಲ. ಒಂದು ಫೂ ಮುಗಿದು ಒಂದು ಹಾ ಶುರುವಾಗುವ ನಡುವೆ ಒಂದು ಸಣ್ಣ ಸಂದು ಇತ್ತಲ್ಲ, ಆ ಸಂದಿನಲ್ಲಿ ಮಗು ಹುಟ್ಟಿತು. ಹೆಣ್ಣು ಮಗು. ಮಗುವಿನ ಅಳು ಕೇಳಿ ಎರಡೂ ಯಂತ್ರಗಳು ಬಾಯಿ ಮುಚ್ಚಿದವು. ಆದರೆ ಎಷ್ಟು ಹೊತ್ತು ಮುಚ್ಚಿಯಾವು? ಮುಂದಿನ “ಹಾ”ಗೆ ಮಗು ಬಾಡುತ್ತದೆ, ಮುಂದಿನ “ಫೂ”ಗೆ ಮುದುಡುತ್ತದೆ.

ವನಜಾಕ್ಷಮ್ಮ ದಫ್ತರ ತೆರೆದಳು. ಗಾಬರಿಯಾದಾಗ ಬೇರೆಯವರು ದೇವರನ್ನು ನೆನೆಯುತ್ತಾರೆ, ಅವಳು ದಫ್ತರ ತೆರೆಯುತ್ತಿದ್ದಳು. ಪುಟದ ಕೊನೆಯ ಸಾಲಿಗೆ ಬಂದಳು. ‘ಹೇಳದೆ ಬಂದ ನೆಂಟರು’. ಪೆನ್ನು ವಾಡಿಕೆಯಂತೆ ಸೊನ್ನೆ ಸುತ್ತಲು ಹೊರಟಿತ್ತು. ಅವಳು ಅದನ್ನು ತಡೆದು ನಿಲ್ಲಿಸಿ, ‘ಒಂದು’ ಎಂದು ಬರೆದಳು.

ಬರೆದು, ತಲೆಯೆತ್ತಿ ಅಂದಳು: “ಕೇಳಿ ಎಲ್ಲರೂ. ನಾವು ಹಾಕಿದ ಹಿಡಿಯೆಲ್ಲ ಯಾರ ಪಾಲು?”

“ಹೇಳದೆ ಬರುವ ನೆಂಟರ ಪಾಲು,” ಅಂದ ಸಿದ್ದಲಿಂಗಪ್ಪ.

“ನೆಂಟರು ಬಂದಿದ್ದಾರೆ, ಮಂದಾಕಿನಿಯ ಮಡಿಲಲ್ಲಿದ್ದಾರೆ. ಅವರ ಪಾಲನ್ನು ಅವರ ಕೈಯಲ್ಲಿ ಅಳೆಯಬೇಕೋ, ನಮ್ಮ ಕೈಯಲ್ಲೋ?”

ಸಿದ್ದಲಿಂಗಪ್ಪ ಯೋಚಿಸಿದ. ತುಂಗಮ್ಮನೂ ಯೋಚಿಸಿದಳು. “ಅವರ ಕೈಯಲ್ಲೇ,” ಅಂದಳು ತುಂಗಮ್ಮ. ಸೋಲುವ ಮಾತಾದರೂ ನ್ಯಾಯದ ಮಾತು.

ಮಗು ಮುಷ್ಟಿ ಕಟ್ಟಿತ್ತು. ಆ ಮುಷ್ಟಿ ಒಂದು ನೆಲ್ಲಿಕಾಯಿಯಷ್ಟಿತ್ತು.

ಯಂತ್ರಗಳು ಪದ್ಧತಿ ಮೀರುವ ಜಾತಿಯಲ್ಲ. ಕೂತಲ್ಲೇ ತಮ್ಮ ಹಿಡಿಗಳನ್ನು ಮತ್ತೆ ಅಳೆಯತೊಡಗಿದವು. ಸಿದ್ದಲಿಂಗಪ್ಪನ ಎರಡು ಹಿಡಿ ಎರಡು ನೆಲ್ಲಿಕಾಯಿಯಾಯಿತು. ಹುಸೇನಣ್ಣನದು ಮೂರು. ಆಚಾರಿಯ ಮೊರದಂಥ ಹಿಡಿಯೂ ಒಂದೇ ನೆಲ್ಲಿಕಾಯಿ. ಗೊರಸುಗಳನ್ನೂ ಬಿಡಲಿಲ್ಲ. ಹೊರಗಿನ ಯಂತ್ರ ಕುಗ್ಗುತ್ತ ಕುಗ್ಗುತ್ತ, ಒಳಗಿನ ಯಂತ್ರ ಇಳಿಯುತ್ತ ಇಳಿಯುತ್ತ, ಮನೆಗೆ ಮತ್ತೆ ಆಕಾಶ ಕಂಡಿತು. ಕೊನೆಗೆ ತಂಪಿನದು ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಹೋಗಿ ಕೂತಿತು. ಬಿಸಿಯದು ಅಗ್ಗಿಷ್ಟಿಕೆಯಷ್ಟಾಗಿ ಬಾಣಂತಿಯ ಮಂಚದ ಬಳಿ ಬಂದು ನಿಂತಿತು.

ತಂಪಿನ ಯಂತ್ರ ಮೆಲ್ಲಗೆ ಓಡಿತು. ಅರ್ಧ ತಾಸು ಓಡಿತು, ಒಂದು ತಾಸು ಓಡಿತು. “ಸುಸ್ತಾಯಿತು ಅಮ್ಮಾವ್ರೇ,” ಅಂತ ಮೊದಲ ಬಾರಿಗೆ ಸಂತೋಷದಿಂದ ಹೇಳಿತು.

ತುಂಗಮ್ಮ ಇನ್ನೊಂದು ಹಪ್ಪಳ ತೆಗೆದುಕೊಂಡಳು. ಪಟ್ ಅಂತ ಮುರಿಯಿತು. ಅವಳು ಬಹಳ ಹೊತ್ತು ಅಗಿದಳು.

“ಹದವಾಗಿದೆ,” ಅಂದಳು.

ವನಜಾಕ್ಷಮ್ಮ ಅದನ್ನೂ ಬರೆದುಕೊಂಡಳು. ದಿನ, ಹೊತ್ತು, ಹಪ್ಪಳದ ಸ್ಥಿತಿ ಎಲ್ಲ ಬರೆದು, ಕೆಳಗೆ ಬೀಗಿತ್ತಿಯ ಸಹಿ ಹಾಕಿಸಿಕೊಂಡಳು.

ಇದರಿಂದ ತಿಳಿಯಬೇಕಾದದ್ದು ಏನೆಂದರೆ, ಮನೆಗೆ ಯಂತ್ರ ತರಿಸುವವರು ಮೊದಲು ನೆಂಟರ ಕೈ ನೋಡಿಕೊಳ್ಳಬೇಕು. ನೆಂಟರು ಇನ್ನೂ ಹುಟ್ಟಿರದಿದ್ದರೆ, ಹುಟ್ಟುವ ತನಕ ಬೀಸಣಿಗೆ ಸಾಕು.

ಅಳೆದು ತಂದ ಕತೆ ಇಲ್ಲಿಗೆ ಸೇರು ತುಂಬಿತು. ಮೇಲಿನ ಹಿಡಿ, ಹೇಳದೆ ಬಂದು ಕೂತು ಹೂಂ ಅಂದವರಿಗೆ.