ಮುಗ್ಗಲದಿಬ್ಬದ ಹಣತೆ

ಊರಿನ ಅನ್ನವನ್ನೆಲ್ಲ ನುಂಗಿ ಬಾಯಿ ಮುಚ್ಚಿಕೊಂಡಿರುತ್ತದೆ. ಬಾಯಿ ಬಿಟ್ಟರೆ ಮೊದಲು ದೀಪ ಉಣ್ಣುತ್ತದೆ. ಏನದು? ತಲೆ ಕೆರೆದುಕೊಳ್ಳಬೇಡಿ, ನಮ್ಮೂರಿನವರಲ್ಲದವರಿಗೆ ಹೊಳೆಯದು. ಊರ ಪಡುವಣಕ್ಕಿರುವ ಮುಗ್ಗಲದಿಬ್ಬಕ್ಕೆ ಬನ್ನಿ. ಅಲ್ಲೊಂದು ಹಳೆಯ ಹಗೇವು, ಅಂದರೆ ಜೋಳ ಕೂಡಿಡುವ ನೆಲಗುಂಡಿ. ಮೇಲೆ ಬಂಡೆಯ ಮುಚ್ಚಳ, ಪಕ್ಕದಲ್ಲಿ ಹಗ್ಗಕ್ಕೆ ಕಟ್ಟಿದ ಹಣತೆ. ಯಾರೇ ಆಗಲಿ ‘ಮುಗ್ಗಲು’ ಎಂದು ಕೂಗಿಯೇ ದಿಬ್ಬ ಹತ್ತಬೇಕು. ತೇವಕ್ಕೆ ಕೆಟ್ಟ ಕಾಳಿಗೆ ಮುಗ್ಗಲು, ಪೆಟ್ಟಿಗೆಯಲ್ಲಿ ಮರೆತ ಕಂಬಳಿಗೆ ಮುಗ್ಗಲು, ನನ್ನ ತಲೆಯೊಳಗಿನ ಲೆಕ್ಕಕ್ಕೂ ಮುಗ್ಗಲು ಎಂದೇ ನಮ್ಮ ಮಾಸ್ತರರು ಅನ್ನುತ್ತಾರೆ. ಆದರೆ ಹಳಬರ ಕಾಲದಲ್ಲಿ ಹಗೇವಿನ ಹತ್ತಿರ ಆ ಮಾತು ಆಡಿದರೆ ಧಾನ್ಯಲಕ್ಷ್ಮಿ ಮುನಿದು ಊರು ಬಿಡುತ್ತಾಳೆಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರಂತೆ.

ಹಿಂದೆ ಒಮ್ಮೆ ಶಿದ್ದನಗೌಡನ ಮಗಳ ಮದುವೆಗೆ ಬೀಗರು ಬಂದಿಳಿದರು. ಜೋಳ ತೆಗೆಯಲು ಆಳು ಭರಮಪ್ಪ ಸೊಂಟಕ್ಕೆ ಹಗ್ಗ ಬಿಗಿದ. ಮುಚ್ಚಳ ಸರಿಸಿದ್ದೇ ವಾಸನೆ ಎಲ್ಲರ ಮೂಗಿಗೂ ಹೊಡೆಯಿತು; ಕೆಟ್ಟ ಕಾಳಿನ ಉಸಿರು ಮನುಷ್ಯನನ್ನು ಕೊಲ್ಲುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅವನ ಹೆಂಡತಿ ತುಂಗವ್ವ, “ಮೊದಲ ದೀಪ ಇಳಸ್ರಿ ಗೌಡ್ರ, ಆರದಿದ್ರ ಇಂವಾ ಇಳೀಲಿ” ಎಂದಳು. “ಬೀಗರ ಮುಂದ ನನ್ನ ಕಾಳು ಕೆಟ್ಟೈತಿ ಅಂತ ಡಂಗುರ ಹೊಡಿತೀಯೇನ ಬೇ?” ಎಂದ ಗೌಡ. ಭರಮಪ್ಪ ನಕ್ಕು, “ನಿನ್ನ ಒಗ್ಗರಣಿ ಘಾಟಿಗೇ ಸಾಯದಾಂವ, ಇದಕ್ಕ ಸಾಯ್ತೀನೇನ?” ಎನ್ನುತ್ತ ಹಾಡು ಹಚ್ಚಿ ಇಳಿದ. ‘ಮುಗ್ಗಲು’ ಎಂಬ ಆ ಮಾತು ತುಂಗವ್ವನ ತುಟಿಯ ತನಕ ಬಂದಿತ್ತು. ಊರಿಗೆ ಕೇಡು ತಂದವಳಾಗಬಾರದೆಂದು ಸೆರಗು ಕಚ್ಚಿ ನಿಂತಳು. ಒಳಗಿನ ಹಾಡು ನಡುವೆಯೇ ನಿಂತಿತು. ಆಗ “ಮುಗ್ಗಲು! ಮುಗ್ಗಲು!” ಎಂದು ಚೀರುತ್ತ ಅವಳು ಹಗ್ಗಕ್ಕೆ ಕೈ ಹಾಕಿದಳು. ಗಾಳಿ ಬೀಸುವ ಸಂಜೆ ಆ ಚೀರು ಈಗಲೂ ಬಂಡೆಯ ಕೆಳಗಿನಿಂದ ಏಳುತ್ತದೆ ಎನ್ನುತ್ತಾರೆ. ಎಲ್ಲರೂ ಸೇರಿ ಹಗ್ಗ ಎಳೆದರು. ಭರಮಪ್ಪ ಮೇಲೆ ಬಂದು, ಜೋರಾಗಿ ಸೀನಿ, “ಹಾಡು ಎಲ್ಲಿಗಿ ಬಂದಿತ್ತು?” ಎಂದು ಕೇಳಿದ.

ಅಂದಿನಿಂದ ದಿಬ್ಬಕ್ಕೆ ಆ ಹೆಸರು, ಹಗ್ಗಕ್ಕೆ ಆ ಹಣತೆ. ಆದರೆ ಭರಮಪ್ಪ ಸೀನಿದ್ದು ನಾನು ಕಟ್ಟಿದ್ದು. ಹಿರಿಯರು ‘ಹಗ್ಗ ಎಳೆದರು’ ಎನ್ನುವಲ್ಲಿಗೆ ಮಾತು ನಿಲ್ಲಿಸಿ ಎದ್ದುಹೋಗುತ್ತಾರೆ. ನೀವು ನನ್ನದನ್ನೇ ನಂಬಿಕೊಂಡು ದಿಬ್ಬ ಇಳಿಯಿರಿ. ಬಂಡೆಯ ಅಂಚಿನ ಮಣ್ಣಿನಲ್ಲಿ ಇನ್ನೂ ಸಿಗುವ ಹಸಿರು ಬಳೆಚೂರುಗಳು ಯಾರವು ಎಂದು ಮಾತ್ರ ಕೇಳಬೇಡಿ.