ಹನ್ನೆರಡು ಕಾರಣ, ಒಂದು ಹಸು

“ಗುರುಗಳೇ, ನ್ಯಾಯ ನನ್ನ ಕಡೆಗಿದೆ. ಬರೆದದ್ದರಲ್ಲಿ ಒಂದೂ ಸುಳ್ಳಿಲ್ಲ. ಆದರೂ ಅವ್ವ ಏಕೆ ಒಪ್ಪುವುದಿಲ್ಲ?” ಎಂದು ಮರಿದೇವ ಕೇಳಿದ.

ನಿರಂಜನಯ್ಯನವರು ಹಣೆ ಒತ್ತಿಕೊಂಡರು. ಮಠದಲ್ಲಿ ಇನ್ನೆರಡು ವರ್ಷ ಓದಲು ಅಪ್ಪಣೆ ಕೊಡು ಎಂದು ಈ ಶಿಷ್ಯ ತಾಯಿಗೆ ಬರೆಯುತ್ತಿರುವ ನಾಲ್ಕನೆಯ ಕಾಗದವಿದು. ಮೊದಲಿನ ಮೂರನ್ನೂ ಅವರೇ ತಿದ್ದಿಕೊಟ್ಟಿದ್ದರು. ಅಪ್ಪಣೆ ಬರಲಿಲ್ಲ. ಹುಣ್ಣಿಮೆ ಕಳೆದ ಮೇಲೆ ಕರೆದುಕೊಂಡು ಹೋಗಲು ಗಾಡಿ ಕಳಿಸುತ್ತೇನೆ ಎಂಬ ಉತ್ತರ ಬಂತು. ಈಗ ನೋಡಿದರೆ ಒಂಬತ್ತಿದ್ದ ಕಾರಣಗಳು ಹದಿನಾಲ್ಕಾಗಿದ್ದವು!

“ಅಯ್ಯೋ ಶಿವನೇ! ಕುಳಿತುಕೋ,” ಎಂದರು. “ಕಾಗದ ಆಮೇಲೆ. ಮೊದಲು ಇದನ್ನು ಕೇಳು.”

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಅಂಗಳದಿಂದ ಮಣ್ಣು ತೆಗೆಯುವುದು ಅವನ ಮನೆತನದ ವಾಡಿಕೆ. ಒಂದು ವರ್ಷ ಅವನು ತೋಡಿ ಬಿಟ್ಟ ಗುಂಡಿಯಲ್ಲಿ ಗೌಡನ ಗಬ್ಬದ ಹಸು ಬಿದ್ದು ಸತ್ತಿತು. ಮರುವರ್ಷ ಗೌಡ ಮಣ್ಣು ತೆಗೆಯುವುದಕ್ಕೆ ತಡೆ ಹಾಕಿದ. ಗಡಿಗೆ ತಿರುವುವ ತಿಗರಿ ನಿಂತಿತು. ಮಳೆ ಬಂದು ಕೆರೆ ತುಂಬಿದರೆ ಮುಂದಿನ ಬೇಸಿಗೆಯವರೆಗೆ ಮಣ್ಣಿಲ್ಲ, ಮನೆಯ ಒಲೆಯೂ ಉರಿಯದು. ಕುಂಬಾರ ತನಗೆ ಮಾತು ಬಾರದೆಂದು ಪೇಟೆಯಿಂದ ಒಬ್ಬ ಪಂಡಿತನನ್ನು ಕರೆತಂದ. “ಹಸುವಿನ ಸುದ್ದಿ ಎತ್ತಲೇಬಾರದು. ಎತ್ತಿದರೆ ನಮ್ಮ ವಾದ ಸಡಿಲವಾಗುತ್ತದೆ,” ಎಂದ ಪಂಡಿತ.

ಅವನು ಪಂಚಾಯಿತಿ ಕಟ್ಟೆಯ ಮುಂದೆ ನಿಂತು ಹನ್ನೆರಡು ಕಾರಣ ಹೇಳಿದ. ಮಣ್ಣು ತೆಗೆದರೆ ಹೂಳು ಹೋಗಿ ಕೆರೆ ಆಳವಾಗುತ್ತದೆ ಎಂದ. ಇದು ಮುತ್ತಾತನ ಕಾಲದ ಹಕ್ಕು ಎಂದ. ಗಡಿಗೆಯಿಲ್ಲದೆ ಮದುವೆಯೂ ನಡೆಯದು, ಮಸಣದ ಕೆಲಸವೂ ನಡೆಯದು ಎಂದ. ಒಂದೊಂದಕ್ಕೂ ಒಂದೊಂದು ಶ್ಲೋಕ ಬೇರೆ! ಎಲ್ಲವೂ ನಿಜವೇ. ಜನ ತಲೆದೂಗಿದರು.

ಐದನೆಯ ಕಾರಣದ ಹೊತ್ತಿಗೆ ಗೌಡ, “ಸ್ವಾಮಿ, ನನ್ನ ಹಸು...” ಎಂದ. ಪಂಡಿತ ಕೈಯೆತ್ತಿ ತಡೆದ. ಒಂಬತ್ತನೆಯದಕ್ಕೆ ಗೌಡ ಮತ್ತೆ ಬಾಯಿ ತೆರೆದ. ಪಂಡಿತ ದನಿ ಏರಿಸಿದ. ಹನ್ನೆರಡೂ ಮುಗಿದಾಗ ಗೌಡ ಎದ್ದು ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡ. “ಬಹಳ ಚೆನ್ನಾಗಿ ಹೇಳಿದಿರಿ. ತಡೆ ಇದ್ದ ಹಾಗೇ ಇರಲಿ,” ಎಂದ.

ಕುಂಬಾರನ ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು. ಹಿಂದೆ ನಿಂತಿದ್ದವಳು ಪಂಡಿತನನ್ನು ಸರಿಸಿ ಮುಂದೆ ಬಂದಳು. “ಗೌಡರೇ, ನಿಮ್ಮ ಹಸು ಸತ್ತದ್ದು ನಮ್ಮ ಗುಂಡಿಯಲ್ಲೇ. ತಪ್ಪು ನಮ್ಮದು. ಈ ಸಲ ಕಡಿದಾಗಿ ತೋಡುವುದಿಲ್ಲ. ದನ ಇಳಿದರೂ ಹತ್ತಿ ಬರುವಂತೆ ಇಳಿಜಾರು ಬಿಡುತ್ತೇವೆ. ಕೊನೆಯ ಬುಟ್ಟಿ ಹೊರುವ ಮೊದಲು ನೀವೇ ಬಂದು ನೋಡಿ,” ಎಂದಳು.

ಗೌಡ ಮತ್ತೆ ಕಟ್ಟೆಯ ಮೇಲೆ ಕುಳಿತ. ಆಮೇಲೆ, “ಇಷ್ಟು ಹೇಳುವುದಕ್ಕೆ ಒಂದು ವರ್ಷ ಬೇಕಾಯಿತೇನಮ್ಮಾ? ನಾಳೆಯಿಂದ ತೆಗೆಯಿರಿ,” ಎಂದ.

ಮರಿದೇವ ಜೋರಾಗಿ ನಕ್ಕ. “ಎಂಥ ಪೆದ್ದ ಪಂಡಿತ, ಗುರುಗಳೇ! ಎದುರಿಗಿದ್ದವನ ಸಂಕಟ ಏನೆಂದು ಮೊದಲು ಕೇಳಬೇಡವೇ?”

ನಿರಂಜನಯ್ಯನವರಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕೈ ಚಾಚಿ ಕಾಗದ ತೆಗೆದುಕೊಂಡರು. ಬೇರೆ ಹಾಳೆ ಸಿಗದೆ ಶಿಷ್ಯ ತನ್ನ ಹದಿನಾಲ್ಕು ಕಾರಣಗಳನ್ನು ತಾಯಿ ಕಳಿಸಿದ ಕಾಗದದ ಬೆನ್ನಿಗೇ ಬರೆದಿದ್ದ. ಅವರು ಅದನ್ನು ತಿರುಗಿಸಿ ತಾಯಿಯ ಅಕ್ಷರವನ್ನು ಗಟ್ಟಿಯಾಗಿ ಓದಿದರು: “ನಿನ್ನ ಸೋದರಮಾವನೂ ಇನ್ನೆರಡೇ ವರ್ಷ ಓದುತ್ತೇನೆ ಎಂದು ಮಠಕ್ಕೆ ಹೋದವನು ಕಾವಿ ಉಟ್ಟ, ಮಗನೇ. ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ.”

ಮರಿದೇವನ ನಗು ನಿಂತಿತು. ಗುರುಗಳು ಕಾಗದವನ್ನು ಅವನ ತೊಡೆಯ ಮೇಲಿಟ್ಟು ಕೇಳಿದರು:

“ನಿನ್ನ ಹದಿನಾಲ್ಕರಲ್ಲಿ ಈ ಹಸು ಎಷ್ಟನೆಯದು?”